ಕನ್ನಡಿ ಲೈಟಿನ ಕಥೆ, ಒಂದು ಕನ್ನಡಿ ಕಡಿಮೆ

೧

ಹೊಗೆಯಿಂದ ಶುರು ಮಾಡಲೋ ಸದ್ದಿನಿಂದ ಶುರು ಮಾಡಲೋ ಎಂದು ಬೆಳಿಗ್ಗೆಯಿಂದ ಒದ್ದಾಡುತ್ತಿದ್ದೇನೆ. ಹೊಗೆಯಿಂದ ಎಂದರೆ, ಈ ಮನುಷ್ಯನಿಗೆ ಬೇರೆ ಕೆಲಸವಿಲ್ಲ, ಯಾವ ಕಥೆ ಹೇಳಿದರೂ ಮೊದಲು ಮಬ್ಬು ಕವಿಸುತ್ತಾನೆ ಅನ್ನುತ್ತೀರಿ. ಸದ್ದಿನಿಂದ ಎಂದರೆ ಆ ಸದ್ದು ಅಕ್ಷರಕ್ಕೆ ಸಿಗುತ್ತಿಲ್ಲ. "ಟರ್ರ್, ಟಕ್, ಟಕ್" ಎಂದು ಬರೆದು ನೋಡಿದೆ. ದರ್ಜಿ ಅಂಗಡಿಯ ಕಥೆಯಾಯಿತು. ಹೊಡೆದು ಹಾಕಿದೆ.

ಆಮೇಲೆ ಮೇಷ್ಟರ ದಾರಿ ಹಿಡಿದೆ. "ಸ್ಕ್ಯಾನರ್ ಎಂಬುದು ವೇದಿಕೆಯಲ್ಲೂ ಡಾನ್ಸ್ ಕ್ಲಬ್ಬಿನಲ್ಲೂ ಬಳಸುತ್ತಿದ್ದ ಒಂದು ಬಗೆಯ ದೀಪ. ಇದರ ಮೈ ಅಲುಗಾಡುವುದಿಲ್ಲ. ಉದ್ದನೆಯ ಪೆಟ್ಟಿಗೆಯೊಳಗೆ ಬಲ್ಬು ಉರಿಯುತ್ತದೆ. ಪೆಟ್ಟಿಗೆಯ ಮೂತಿಯ ಮುಂದೆ ಅಂಗೈಯಗಲದ ಒಂದು ಕನ್ನಡಿ. ಬೆಳಕು ಹೋಗಿ ಕನ್ನಡಿಗೆ ಬಡಿಯುತ್ತದೆ, ಕನ್ನಡಿ ಎತ್ತ ವಾಲಿದರೆ ಅತ್ತ ಹಾರುತ್ತದೆ." (ಆಸ್ಪತ್ರೆಯ ಸ್ಕ್ಯಾನರ್ ಅಲ್ಲ, ಆಫೀಸಿನದ್ದೂ ಅಲ್ಲ. ಹೊಟ್ಟೆಯೊಳಗಿನದ್ದು, ಕಾಗದದ ಮೇಲಿನದ್ದು ಇದಕ್ಕೆ ಬೇಡ.) ವಿಷಯವೇನೋ ಸರಿಯಾಗಿದೆ. ಆದರೆ ಬರೆಯುತ್ತ ಬರೆಯುತ್ತ ನನಗೇ ಆಕಳಿಕೆ ಬಂತು. ನಿಮ್ಮ ಗತಿ ಏನು ಎಂದು ಯೋಚಿಸಿ ಅದನ್ನೂ ಬಿಟ್ಟೆ.

ಮೂರನೆಯದು ಕನ್ನಡಿಯೇ ಮಾತಾಡುವ ಕಥೆ. "ನಾನೊಂದು ಕನ್ನಡಿ" ಎಂದು ಒಂದು ಸಾಲು ಬರೆದೆ ನೋಡಿ, ಶಾಲೆಯ ಪ್ರಬಂಧದ ವಾಸನೆ ಹೊಡೆಯಿತು, ಹರಿದ ಕೊಡೆಯ ಆತ್ಮಕಥೆ ಬರೆಸುತ್ತಿದ್ದರಲ್ಲ, ಹಾಗೆ. ಪೆನ್ನು ಕೆಳಗಿಟ್ಟು ಕಾಫಿಗೆ ಎದ್ದೆ.

ಆಗ ಮೇಲಿನಿಂದ ದನಿ ಬಂತು. "ಕಥೆಗಾರ್ರೇ, ನೀವು ನನ್ನನ್ನ ಏಣಿ ಹತ್ತಿಸಿ ಬಹಳ ಹೊತ್ತಾಯ್ತು. ಶುರು ಮಾಡ್ತೀರೋ, ನಾನು ಇಳಿದುಬಿಡ್ಲೋ?"

೨

ಸರಿ, ಏಣಿಯಿಂದಲೇ ಆಗಲಿ. ಏಣಿಯ ಮೇಲಿರುವವನು ಲೈಟಣ್ಣ. ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಅದನ್ನು ಈಗ ಯಾರೂ ಕರೆಯುವುದಿಲ್ಲ. ಈ ಡಾನ್ಸ್ ಕ್ಲಬ್ಬಿನಲ್ಲಿ ದೀಪಗಳನ್ನು ಕಟ್ಟುವುದು, ಇಳಿಸುವುದು, ಹಾಡಿಗೆ ತಕ್ಕಂತೆ ಕುಣಿಸುವುದು ಅವನ ಕೆಲಸ. ತಲೆ ನರೆತಿದೆ, ಮಂಡಿ ಏಣಿಯ ಪ್ರತಿ ಮೆಟ್ಟಿಲಿಗೂ ಗೊಣಗುತ್ತದೆ, ಆದರೂ ಬೇರೆಯವರನ್ನು ಹತ್ತಲು ಬಿಡುವುದಿಲ್ಲ.

ಇಂಥ ಜಾಗವನ್ನು ಹಗಲಿನಲ್ಲಿ ನೋಡಬೇಕು. ಟ್ಯೂಬ್‌ಲೈಟ್ ಹಾಕಿದರೆ ಕ್ಲಬ್ಬಿನ ಬಣ್ಣವೆಲ್ಲ ಬಯಲಾಗುತ್ತದೆ. ಕಪ್ಪು ಗೋಡೆಯ ಮೇಲೆ ಬೆವರಿದ ಕೈಗಳ ಗುರುತು, ನೆಲಕ್ಕಂಟಿದ ಚೂಯಿಂಗ್ ಗಮ್, ಸ್ಪೀಕರಿನ ಹಿಂದೆ ಯಾರದೋ ಒಂಟಿ ಚಪ್ಪಲಿ. ದೊಡ್ಡ ಡಾನ್ಸ್ ಫ್ಲೋರಿನಲ್ಲಿ ಹೊಸ ಲೈಟುಗಳು ಬಂದು ನೇತಾಡುತ್ತಿವೆ. ಅವಕ್ಕೆ ಕನ್ನಡಿಯ ಹಂಗಿಲ್ಲ. ಕತ್ತು ಸಮೇತ ತಲೆಯೇ ತಿರುಗುತ್ತದೆ, ಬೇಕೆಂದರೆ ಬೆನ್ನ ಹಿಂದಕ್ಕೂ ನೋಡುತ್ತದೆ. ಚಿಕ್ಕ ಫ್ಲೋರಿನಲ್ಲಿ ಮಾತ್ರ ನಾಲ್ಕು ಕನ್ನಡಿ ಲೈಟುಗಳು ಉಳಿದಿವೆ.

ಲೈಟಣ್ಣನ ಜೀವ ಆ ನಾಲ್ಕರಲ್ಲಿದೆ. ಸ್ವಿಚ್ ಹಾಕಿದ ಕೂಡಲೇ ನಾಲ್ಕು ಕನ್ನಡಿಗಳೂ ಮೈ ಕೊಡವಿಕೊಂಡು, ಆ ಮೂಲೆಗೊಮ್ಮೆ ಈ ಮೂಲೆಗೊಮ್ಮೆ ತಡಕಾಡಿ, ತಮ್ಮ ಜಾಗ ಎಲ್ಲಿ ಎಂದು ಹುಡುಕಿಕೊಳ್ಳುತ್ತವೆ, ನಿದ್ದೆಯಿಂದೆದ್ದವರು ಕನ್ನಡಕ ಹುಡುಕುವ ಹಾಗೆ. ಆಮೇಲೆ ಒಂದು ಗಳಿಗೆ ಸುಮ್ಮನಿರುತ್ತವೆ. ಆ ಸುಮ್ಮನಿರುವುದು ಅವನಿಗೆ ಬಹಳ ಇಷ್ಟ. ಅಷ್ಟರಲ್ಲಿ ತಬಲಾದ ಪೆಟ್ಟಿಗೋ ಡ್ರಮ್ಮಿನ ಪೆಟ್ಟಿಗೋ ಬೆಳಕು ಗೋಡೆಯಿಂದ ಗೋಡೆಗೆ ಜಿಗಿದುಬಿಡುತ್ತದೆ. ಹೊಸ ಲೈಟುಗಳಿಗೆ ಆ ಜಿಗಿತ ಇಲ್ಲ. ಅಷ್ಟು ದಪ್ಪ ತಲೆ ಹೊತ್ತುಕೊಂಡು ಅವು ಎಲ್ಲಿಂದ ಜಿಗಿಯಬೇಕು ಎಂದು ಲೈಟಣ್ಣ ಕೇಳುತ್ತಾನೆ. ಕೇಳುವುದು ಮನಸ್ಸಿನಲ್ಲೇ. ಅವನು ಇದನ್ನು ಬಾಯಿಬಿಟ್ಟು ಯಾರಿಗೂ ಹೇಳಿದವನಲ್ಲ.

ಕ್ಲಬ್ಬನ್ನು ಹೊಸದಾಗಿ ಕೊಂಡ ಮಾಲೀಕ ಒಂದು ಮಾತು ಹೇಳಿದ್ದ. ಶುಕ್ರವಾರ ಮಧ್ಯಾಹ್ನ ನಾಲ್ಕೂ ಹಾಕಿ ತೋರಿಸಬೇಕು. ಕಣ್ಣಿಗೆ ಹಿಡಿಸಿದರೆ ಚಿಕ್ಕ ಫ್ಲೋರಿನಲ್ಲಿ ಇರಲಿ, ಇಲ್ಲದಿದ್ದರೆ ಗುಜರಿಗೆ.

ಏಣಿ ಹತ್ತಿದ್ದು ಅದಕ್ಕೇ. ನಾಲ್ಕನೆಯ ಲೈಟಿನ ಕನ್ನಡಿ ಅಂಟು ಬಿಟ್ಟು ತೊನೆದಾಡುತ್ತಿತ್ತು. ಲೈಟಣ್ಣ ಅದನ್ನು ಬಿಡಿಸಿ, ಟವೆಲ್ಲಿನಲ್ಲಿ ಸುತ್ತಿ, ಹೊಸ ಅಂಟು ಹಾಕೋಣವೆಂದು ಮನೆಗೆ ತಂದ.

(ಇಲ್ಲಿ ಒಂದು ವಿಷಯ ಹೇಳಲೇಬೇಕು, ಆಕಳಿಸಬೇಡಿ. ಮನೆಯ ಕನ್ನಡಿಗೆ ಬೆಳ್ಳಿಯ ಲೇಪ ಗಾಜಿನ ಹಿಂದೆ ಇರುತ್ತದೆ. ಎಷ್ಟು ಉಜ್ಜಿದರೂ ನೀವು ಉಜ್ಜುವುದು ಗಾಜನ್ನು. ಈ ಕನ್ನಡಿಗೆ ಲೇಪ ಮುಂದೆಯೇ ಇದೆ, ಬೆತ್ತಲೆಯಾಗಿ. ಮೆತ್ತನೆಯ ಬಟ್ಟೆ, ಒಂದು ಉಸಿರು, ಅಷ್ಟೇ. ಜೋರಾಗಿ ಉಜ್ಜಿದರೆ ಲೇಪವೇ ಎದ್ದು ಹೋಗಿ ಬರೀ ಗಾಜು ಉಳಿಯುತ್ತದೆ.)

೩

ಲೈಟಣ್ಣನ ಹೆಂಡತಿಯದ್ದೂ ಬೆಳಕಿನ ಕೆಲಸವೇ. ಅವಳು ಒಂದು ಗ್ಯಾರೇಜಿನಲ್ಲಿದ್ದಾಳೆ. ಹಳೆಯ ಕಾರುಗಳ ಹೆಡ್‌ಲೈಟುಗಳು ಬಿಸಿಲಿಗೆ ಹಳದಿಯಾಗಿ, ಮಂಜು ಕವಿದ ಹಾಗಾಗಿರುತ್ತವಲ್ಲ, ಅವನ್ನು ರಬ್ಬಿಂಗ್ ಕಾಂಪೌಂಡ್ ಹಚ್ಚಿ ಉಜ್ಜಿ ಉಜ್ಜಿ ತಿಳಿನೀರಿನಂತೆ ಮಾಡುವುದು ಅವಳ ಕೆಲಸ. ಮಬ್ಬು ಎಂದರೆ ಅವಳಿಗೆ ವೈರಿ. ಹೋಟೆಲ್ಲಿಗೆ ಹೋದರೂ ಲೋಟವನ್ನು ಎತ್ತಿ ಬೆಳಕಿಗೆ ಹಿಡಿದು ನೋಡದೆ ನೀರು ಕುಡಿಯುವುದಿಲ್ಲ.

ಅವಳು ಗಂಡನ ಕ್ಲಬ್ಬಿಗೆ ಹೋಗಿದ್ದು ಒಂದೇ ಸಲ. ಎರಡೂ ಬಗೆಯ ಲೈಟನ್ನು ಹಾಕಿ ತೋರಿಸಿ ಯಾವುದು ಚೆಂದ ಎಂದು ಅವನು ಕೇಳಿದ್ದ. ಹೊಸದೇ ಚೆಂದ ಎಂದಿದ್ದಳು. ಅವು ನೋಡಬೇಕೆಂದರೆ ಮುಖ ತಿರುಗಿಸಿ ನೋಡುತ್ತವೆ, ನಿಮ್ಮವು ಎಲ್ಲೋ ನೋಡುತ್ತ ಕನ್ನಡಿ ಮಾತ್ರ ತಿರುಗಿಸುತ್ತವೆ ಎಂದಳು. ಅವನು ನಕ್ಕು, ಸ್ವಿಚ್ ಆರಿಸಿ, ಊಟಕ್ಕೆ ಹೋಗೋಣವೇ ಎಂದ.

ಆ ದಿನ ಅವನು ಟವೆಲ್ಲಿನ ಗಂಟನ್ನು ಅಡುಗೆಮನೆಯ ಶೆಲ್ಫಿನ ಮೇಲಿಟ್ಟು, "ಲೈಟಿನ ಗಾಜು, ಅಂಟು ಹಾಕ್ಬೇಕು" ಎಂದು ಹೇಳಿ ಅಂಟು ತರಲು ಅಂಗಡಿಗೆ ಹೋದ. ಗಾಜು ಎಂದ. ಕನ್ನಡಿ ಎನ್ನಲಿಲ್ಲ. (ಅವನಿಗೆ ಅದು ಬಾಯಲ್ಲಿ ಬಂದ ಮಾತು. ನನಗೆ ಅದು ಇಡೀ ಕಥೆ.) ಅವಳು ಗಂಟು ಬಿಚ್ಚಿದಳು. ವರ್ಷಗಟ್ಟಲೆ ಕ್ಲಬ್ಬಿನ ಹೊಗೆ ಕುಡಿದು ಬೂದಿ ಬಣ್ಣಕ್ಕೆ ತಿರುಗಿದ ತಟ್ಟೆಯಂಥದ್ದು, ಮುಖ ಕೂಡ ಕಾಣುವುದಿಲ್ಲ. ಗಂಡನ ಕೆಲಸದ ಸಾಮಾನು ಈ ಸ್ಥಿತಿಯಲ್ಲಿ ತನ್ನ ಮನೆಗೆ ಬಂದಿದೆ. ಬ್ಯಾಗಿನಲ್ಲಿ ಕಾಂಪೌಂಡಿನ ಡಬ್ಬಿ ಇತ್ತು.

ಮುಂದಿನದ್ದು ನಿಮಗೆ ಗೊತ್ತಾಯಿತು. ದಯವಿಟ್ಟು ಅವಳಿಗೆ ಹೇಳಬೇಡಿ.

ಲೈಟಣ್ಣ ಅಂಟು ಹಿಡಿದು ಬಂದಾಗ ಅತ್ತೆ, ಅಂದರೆ ಹೆಂಡತಿಯ ತಾಯಿ, ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಆ ಕನ್ನಡಿಯ ಮೂಲಕ ಪೇಪರ್ ಓದುತ್ತಿದ್ದರು. ಎಷ್ಟು ಸ್ವಚ್ಛವಾಗಿದೆ ನೋಡು, ಹಿಡಿದಿದ್ದೇ ಗೊತ್ತಾಗುವುದಿಲ್ಲ, ನನ್ನ ಮಗಳ ಕೈಯೇ ಕೈ ಎಂದರು. ಹೆಂಡತಿ ಸೆರಗಿಗೆ ಬೆರಳೊರೆಸಿಕೊಳ್ಳುತ್ತ ಒಳಗಿನಿಂದ ಬಂದಳು. ಅವಳ ಮುಖದಲ್ಲಿದ್ದದ್ದು ಸಂತೋಷ. ಒಳ್ಳೆಯ ಕೆಲಸ ಮಾಡಿ, ಹೇಳದೆ ಮಾಡಿ, ಗಂಡ ಏನು ಹೇಳುತ್ತಾನೋ ಎಂದು ಕಾಯುವವಳ ಸಂತೋಷ.

"ಹೇಗಿದೆ?" ಎಂದಳು.

"ಚೆನ್ನಾಗಿದೆ" ಎಂದ ಲೈಟಣ್ಣ.

೩ (ಮತ್ತೆ)

ಇಲ್ಲಿ ನನಗೂ ಅವನಿಗೂ ಜಗಳ. ನಾನು ಬರೆದುಕೊಂಡಿದ್ದು ಬೇರೆ. ಅವನು ಕನ್ನಡಿಯನ್ನು ಕಿತ್ತುಕೊಳ್ಳಬೇಕು, ಕೂಗಾಡಬೇಕು, ಅತ್ತೆ ಪೇಪರ್ ಮಡಚಿ ಒಳಗೆ ಹೋಗಬೇಕು, ಗಂಡ ಹೆಂಡಿರು ಎರಡು ದಿನ ಮಾತು ಬಿಡಬೇಕು. ಕಥೆಗೆ ಒಂದು ಬಿಸಿ ಬರುತ್ತಿತ್ತು. ಅವನು ಕಾಗದವನ್ನು ಓದಿ ನನಗೇ ವಾಪಸ್ ಕೊಟ್ಟ.

"ಇದನ್ನ ನಾನು ಹೇಳಲ್ಲ."

ಯಾಕಪ್ಪ ಎಂದೆ. ಅವಳು ಪ್ರೀತಿಯಿಂದ ಮಾಡಿದ್ದಾಳೆ ಎಂದ. ನಿನ್ನ ಕನ್ನಡಿ ಹೋಯಿತಲ್ಲ ಎಂದೆ. ಹೋಯಿತು ಎಂದ. ಹೊಸದು ಸಿಗುತ್ತದೆಯೇ ಎಂದೆ. ಈ ಲೈಟು ಮಾಡುವುದನ್ನೇ ಬಿಟ್ಟು ಎಷ್ಟೋ ಕಾಲವಾಯಿತು ಎಂದ. ಹಾಗಾದರೆ ಒಂದು ಮಾತಾದರೂ ಬೈಯಬಾರದೇ ಎಂದರೆ, ಅವಳ ಮೇಲೆ ಇವತ್ತಿನವರೆಗೆ ದನಿ ಎತ್ತಿಲ್ಲ, ಈಗ ಲೈಟಿಗೋಸ್ಕರ ಎತ್ತಲೇ ಎಂದು ನನ್ನನ್ನೇ ಕೇಳಿದ. ಕ್ಲಬ್ಬಿನಲ್ಲಿ ವೈರಿನವನು ಒಂದು ಪ್ಲಗ್ಗು ತಪ್ಪು ಹಾಕಿದರೆ ಅವನ ವಂಶವನ್ನೆಲ್ಲ ಜಾಲಾಡುವ ಮನುಷ್ಯ ಇವನು.

ಅವನಿಗೆ ಈಗ ಬೇಕಾದದ್ದು ಒಂದೇ. ಲೈಟುಗಳು ಮೇಲೇ ಇರಬೇಕು, ಅವಳಿಗೆ ಗೊತ್ತಾಗಬಾರದು. (ಎರಡಾಯಿತಲ್ಲ ಅನ್ನುತ್ತೀರಿ. ನಾನೂ ಅದನ್ನೇ ಅಂದೆ. ಅವನ ಲೆಕ್ಕದಲ್ಲಿ ಒಂದೇ.)

ರಾತ್ರಿ ಊಟದ ಹೊತ್ತಿಗೆ ಅವಳು, ಅದನ್ನು ವಾಪಸ್ ಹಾಕುತ್ತೀರಿ ತಾನೇ ಎಂದು ಕೇಳಿದಳು. ಹೂಂ ಎಂದ. ಸುಳ್ಳು ಹೇಳಿ ಅಭ್ಯಾಸವಿಲ್ಲದವನು. ಆದ್ದರಿಂದ ಹೇಳಿದ್ದು ಸುಳ್ಳಾಗಬಾರದೆಂದು ಮಾರನೆಯ ದಿನ ಏಣಿ ಹತ್ತಿ, ಆ ಬರೀ ಗಾಜಿಗೆ ಶ್ರದ್ಧೆಯಿಂದ ಅಂಟು ಹಚ್ಚಿ, ನಾಲ್ಕನೆಯ ಲೈಟಿನ ಮೂತಿಗೆ ಕೂರಿಸಿದ.

೫

(ನಾಲ್ಕು ಬೇಡ. ಅದರಲ್ಲಿ ಅವನು ಒಂಟಿಯಾಗಿ ಕೂತು ಹಳೆಯ ದಿನಗಳನ್ನು ನೆನೆದು ಕಣ್ಣೀರು ಹಾಕುತ್ತಿದ್ದ. ಚೆನ್ನಾಗಿಯೇ ಬರೆದಿದ್ದೆ. ಅಳುವುದಿಲ್ಲ ಎಂದು ಹಟ ಹಿಡಿದ.)

ಶುಕ್ರವಾರ ಮಧ್ಯಾಹ್ನ. ಮಾಲೀಕ ಫ್ಲೋರಿನ ಮಧ್ಯೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತ. ಪ್ರತಿ ಎರಡನೆಯ ಮಾತಿಗೆ ಕಾನ್ಸೆಪ್ಟ್ ಎನ್ನುವ ಮನುಷ್ಯ. ಲೈಟಣ್ಣ ಕಿಟಕಿಗಳಿಗೆ ಪರದೆ ಎಳೆದು, ಬೆಳಕಿನ ಗೆರೆ ಕಾಣಲೆಂದು ಹೊಗೆ ಬಿಟ್ಟು, ಸ್ವಿಚ್ ಹಾಕಿದ.

ಮೊದಲ ಮೂರು ಲೈಟುಗಳು ಹಳೆಯ ಚಾಳಿ ಬಿಡದೆ ಜಿಗಿದವು. ಕೆಂಪು ಸುರುಳಿ ನೆಲದಿಂದ ಗೋಡೆಗೆ, ನೀಲಿ ಚುಕ್ಕಿಗಳು ಗೋಡೆಯಿಂದ ಮಾಲೀಕನ ಶೂಗೆ. ನಾಲ್ಕನೆಯದು ಮಾತ್ರ ಜಿಗಿಯಲಿಲ್ಲ. ಅದರ ಗಾಜು ಉಳಿದ ಮೂರರ ಜತೆ ತಾಳ ತಪ್ಪದೆ ವಾಲುತ್ತಿತ್ತು, ತಿರುಗುತ್ತಿತ್ತು, ಕುಣಿಯುತ್ತಿತ್ತು. ಬೆಳಕು ಮಾತ್ರ ಅದಕ್ಕೂ ತನಗೂ ಸಂಬಂಧವೇ ಇಲ್ಲವೆಂಬಂತೆ ಗಾಜನ್ನು ದಾಟಿ ನೆಟ್ಟಗೆ ಹೋಗಿ ಎದುರಿನ ಟಾಯ್ಲೆಟ್ ಬಾಗಿಲ ಮೇಲೆ ಹಳದಿ ನಕ್ಷತ್ರವಾಗಿ ಕೂತಿತು. ಕೂತಿದ್ದು ಕೂತೇ ಇತ್ತು.

ಮುಗಿಯಿತು ಎಂದುಕೊಂಡ ಲೈಟಣ್ಣ. ಅಷ್ಟರಲ್ಲಿ ಬಾಗಿಲು ತೆರೆಯಿತು. ಕ್ಲಬ್ಬಿನ ಅಕೌಂಟೆಂಟ್ ಕೈ ಒರೆಸಿಕೊಳ್ಳುತ್ತ ಹೊರಬಂದು ನಕ್ಷತ್ರದ ನಡುವೆ ನಿಂತ. ಕಣ್ಣು ಕುಕ್ಕಿತು. ಏನು ಮಾಡಬೇಕೋ ತೋಚಲಿಲ್ಲ. ಬೆಳಕು ಬಿದ್ದವರು ಏನು ಮಾಡುತ್ತಾರೋ ಅದನ್ನೇ ಮಾಡಿದ. ಕೈಯಗಲಿಸಿ, ಸೊಂಟ ಬಗ್ಗಿಸಿ, ವಂದಿಸಿದ.

ಮಾಲೀಕ ಎದ್ದು ನಿಂತು ಚಪ್ಪಾಳೆ ತಟ್ಟಿದ.

ಇದೇ ಕಾನ್ಸೆಪ್ಟ್ ಎಂದ. ಇಷ್ಟು ಕ್ಲಬ್ ನೋಡಿದ್ದೇನೆ, ಎಲ್ಲ ಕಡೆ ಲೈಟು ಕುಣಿಯುತ್ತದೆ, ಕುಣಿಯಲು ಒಲ್ಲೆ ಎನ್ನುವ ಲೈಟನ್ನು ನೋಡಿದ್ದು ಇದೇ ಮೊದಲು ಎಂದ. ಯಂತ್ರ ಅಷ್ಟು ಕಷ್ಟಪಡುತ್ತಿದೆ, ಬೆಳಕು ಕ್ಯಾರೇ ಅನ್ನುತ್ತಿಲ್ಲ, ಇದರಲ್ಲಿ ಎಷ್ಟು ಅರ್ಥ ಇದೆ ಗೊತ್ತೇ ಎಂದು ಅಕೌಂಟೆಂಟನ್ನು ಕೇಳಿದ. ಗೊತ್ತಿದೆ ಎಂದ ಅಕೌಂಟೆಂಟ್. ಮಾಲೀಕ ಲೈಟಣ್ಣನ ಹೆಗಲ ಮೇಲೆ ಕೈಯಿಟ್ಟು, ಇದನ್ನು ಮಾಡಿದ ಕಲಾವಿದ ಯಾರು ಎಂದು ಕೇಳಿದ.

ಲೈಟಣ್ಣ ಸುಳ್ಳು ಹೇಳಿ ಅಭ್ಯಾಸವಿಲ್ಲದವನು ಎಂದೆನಲ್ಲ. ಹೆಂಡತಿ ಎಂದುಬಿಟ್ಟ.

ಹಾಗಾದರೆ ಉಳಿದ ಮೂರನ್ನೂ ಅವರ ಕೈಯಲ್ಲೇ ಹೀಗೆ ಮಾಡಿಸಿ, ಆಗುತ್ತದೋ ಇಲ್ಲವೋ ಎಂದು ಇವತ್ತು ಸಂಜೆ ಫೋನ್ ಮಾಡಿ ಕೇಳುತ್ತೇನೆ, ಆಗುವುದಾದರೆ ಲೈಟು ಇಲ್ಲೇ ಇರಲಿ, ಆಗದಿದ್ದರೆ ಗುಜರಿಯವನು ಹೇಗೂ ಬರುತ್ತಾನೆ ಎಂದ.

೬

ಪಾಪದವನನ್ನು ಇಂಥ ಇಕ್ಕಟ್ಟಿಗೆ ತಂದು ನಿಲ್ಲಿಸಿದ್ದು ನಾನೇ, ಒಪ್ಪುತ್ತೇನೆ. ಹೊರಬರಲು ಎರಡು ಮೂರು ಬಾಗಿಲನ್ನೂ ತೆರೆದು ಕೊಟ್ಟೆ.

ಒಂದು ಬಾಗಿಲು: ಆಗುವುದಿಲ್ಲ ಎಂದು ಹೇಳಿಬಿಡು. ಲೈಟು ಗುಜರಿಗೆ ಹೋಗುತ್ತದೆ, ಹೆಂಡತಿಗೆ ಏನೂ ತಿಳಿಯುವುದಿಲ್ಲ. ಅವನು ಏಣಿ ಹತ್ತಿ ಮೂರು ಲೈಟುಗಳನ್ನೂ ನೋಡಿ ಇಳಿದು ಬಂದ. ಬಾಯಿ ಬರುತ್ತಿಲ್ಲ ಎಂದ.

ಇನ್ನೊಂದು: ನೀನೇ ಉಜ್ಜು. ಇದನ್ನೂ ಒಂದು ಕೈ ನೋಡಿದ. ಮೂರು ಕನ್ನಡಿಗಳನ್ನೂ ಬಿಡಿಸಿ ತಂದು ಬಾರಿನ ಕಟ್ಟೆಯ ಮೇಲಿಟ್ಟು ಬಟ್ಟೆ ಹಿಡಿದ. ಅಭ್ಯಾಸಬಲ. ಕೈ ತಾನಾಗಿ ಮೆತ್ತಗಾಯಿತು, ಒಂದು ಉಸಿರು ಬಿಟ್ಟಿತು, ಹೊಗೆಯ ಜಿಡ್ಡನ್ನು ಅಂಚಿನಿಂದ ಅಂಚಿಗೆ ಹೂವಿನ ಹಾಗೆ ತೆಗೆಯಿತು. ಕೆಡಿಸಲು ಕೂತವನು ಎದ್ದಾಗ ಮೂರು ಕನ್ನಡಿಗಳೂ ಹೊಸದಾಗಿ ಹೊಳೆಯುತ್ತಿದ್ದವು.

ಮೂರನೆಯ ಬಾಗಿಲಲ್ಲಿ ಕ್ಲಬ್ಬಿಗೆ ಬೆಂಕಿ ಬೀಳುತ್ತದೆ. (ಏನೂ ತೋಚದಿದ್ದಾಗ ನಾನು ಬೆಂಕಿ ಹಾಕುತ್ತೇನೆ. ನನ್ನ ಹಳೆಯ ಕಥೆಗಳನ್ನು ಓದಿದವರಿಗೆ ಗೊತ್ತು.) ಲೈಟಣ್ಣ ನನ್ನ ಮುಖವನ್ನೇ ನೋಡಿದ. ನಾನು ಬೆಂಕಿಪೊಟ್ಟಣವನ್ನು ಜೇಬಿಗೆ ಹಾಕಿಕೊಂಡೆ.

ಕೊನೆಗೆ ಅವನು ತನ್ನದೇ ಉಪಾಯ ಮಾಡಿದ. ಮಾಲೀಕನಿಗೆ ನಿನ್ನ ಕೆಲಸ ಬಹಳ ಹಿಡಿಸಿದೆ, ಇನ್ನೂ ಮೂರು ಗಾಜು ಕೊಟ್ಟಿದ್ದಾನೆ ಎಂದಷ್ಟೇ ಹೇಳುವುದು. ಅಷ್ಟೂ ನಿಜ. ಕನ್ನಡಿಗಳನ್ನು ಟವೆಲ್ಲಿನಲ್ಲಿ ಸುತ್ತಿ, ಎದೆಗವಚಿಕೊಂಡು ಗ್ಯಾರೇಜಿಗೆ ನಡೆದ. ಹೊರಡುವ ಮುನ್ನ ಅವನ್ನು ತಾನೇ ಫಳಫಳ ಹೊಳೆಯುವಂತೆ ಒರೆಸಿದ್ದೇನೆ ಎಂಬುದು ಅವನಿಗೆ ಹೊಳೆಯಲಿಲ್ಲ. ನನಗೆ ಹೊಳೆದಿತ್ತು. ಸುಮ್ಮನಿದ್ದೆ.

೭

ಗ್ಯಾರೇಜಿನಲ್ಲಿ ಅವಳು ಬೆಂಚಿನ ಮೇಲೆ ಯಾರದೋ ಕಾರಿನ ಹೆಡ್‌ಲೈಟು ಇಟ್ಟುಕೊಂಡು ಬಫಿಂಗ್ ಮೆಷಿನ್ನು ಆಡಿಸುತ್ತಿದ್ದಳು. ಗಂಡ ಕೆಲಸದ ಜಾಗಕ್ಕೆ ಬಂದಿದ್ದು ನೋಡಿ ಮೆಷಿನ್ನು ನಿಲ್ಲಿಸಿದಳು. ಅವನು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡು ಬಂದ ಮಾತನ್ನು ಒಪ್ಪಿಸಿದ. ಅವಳಿಗೆ ಹಿಗ್ಗಾಯಿತು. ಅಮ್ಮನಿಗೆ ಹೇಳಬೇಕು ಎಂದಳು. ಎಲ್ಲಿ ಕೊಡಿ ಎಂದು ಗಂಟು ತೆಗೆದುಕೊಂಡು ಬಿಚ್ಚಿದಳು.

ಮೇಲಿನ ಕನ್ನಡಿಯಲ್ಲಿ ಅವಳ ಮುಖವಿತ್ತು. ಮೂಗಿನ ತುದಿಗೆ ಮೆತ್ತಿದ ಕಾಂಪೌಂಡ್ ಕೂಡ ಕಾಣುತ್ತಿತ್ತು.

ಅವಳು ಮೂಗು ಒರೆಸಿಕೊಳ್ಳಲಿಲ್ಲ. ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು. "ಅದೂ ಕನ್ನಡಿನಾ?"

ಲೈಟಣ್ಣ ನನ್ನ ಕಡೆ ನೋಡಿದ. ನಾನು ಬೇರೆ ಕಡೆ ನೋಡಿದೆ. ಹೂಂ ಎಂದ.

"ನಾನು ಉಜ್ಜಿದ್ದು ಹಾಳಾಯ್ತಾ?"

"ಪರವಾಗಿಲ್ಲ ಬಿಡು. ಮಾಲೀಕರಿಗೆ ಹಿಡಿಸ್ತಲ್ಲ."

(ಇಲ್ಲಿ ಅವಳು ಅಳುತ್ತಾಳೆ, ಅವನು ಸಮಾಧಾನ ಮಾಡುತ್ತಾನೆ, ಇಬ್ಬರೂ ಟೀ ಕುಡಿಯುತ್ತಾರೆ ಎಂದು ಬರೆದಿಟ್ಟಿದ್ದೆ. ಒಂದು ಪುಟ ದಂಡವಾಯಿತು.)

ಅವಳು ಅಳಲಿಲ್ಲ. ಸಿಟ್ಟಾದಳು. ಗಂಟನ್ನು ಬೆಂಚಿನ ಮೇಲಿಟ್ಟು, ಅಂದೇ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ನಿನಗೆ ಬೇಜಾರಾಗುತ್ತದೆ ಎಂದು ಎಂದ. ವೈರಿನವನಿಗೆ ಬೇಜಾರಾಗುವುದಿಲ್ಲವೇ, ಅವನನ್ನು ಬೈಯುತ್ತೀರಲ್ಲ ಎಂದಳು. ಅವನು ಹೊರಗಿನವನು ಎಂದ. ಇಲ್ಲ, ಅವನು ಒಳಗಿನವನು, ಹೊರಗಿರುವವಳು ನಾನು ಎಂದಳು.

"ಕೇಳಿ ಇಲ್ಲಿ. ನಾನು ತಪ್ಪು ಮಾಡಿದ್ದೀನಿ, ಅದು ಗೊತ್ತಾಯ್ತು. ಆದ್ರೆ ಎಷ್ಟು ದೊಡ್ಡ ತಪ್ಪು ಅಂತ ಗೊತ್ತಾಗ್ತಿಲ್ಲ. ನೀವು ಬೈದ್ರೆ ತಾನೇ ಗೊತ್ತಾಗೋದು? ಇಷ್ಟು ವರ್ಷದಿಂದ ಆ ಲೈಟು ನಿಮಗೆ ಏನು ಅಂತ ನೀವು ಒಂದು ದಿನ ಹೇಳಿಲ್ಲ. ಚೆನ್ನಾಗಿದೆ, ಪರವಾಗಿಲ್ಲ, ಊಟಕ್ಕೆ ಹೋಗೋಣ. ನನ್ನ ಹತ್ರ ನಿಮಗಿರೋದು ಇಷ್ಟೇ ಮಾತು."

ಮಾತಿಗೆ ತಡಕಾಡುವ ಲೈಟಣ್ಣನನ್ನು ನೋಡಿ ನನಗೆ ಸಂಕಟವಾಯಿತು. ಮೊದಲು ಬರೆದ ಬೈಗುಳದ ಕಾಗದವನ್ನು ಜೇಬಿನಿಂದ ತೆಗೆದು, ಬೆಂಚಿನಡಿಯಿಂದ ಅವನ ಕೈಗೆ ತುರುಕಿದೆ. ಅವನು ಅದನ್ನು ಓದಲೂ ಇಲ್ಲ. ಅದಕ್ಕೆ ಕೈ ಒರೆಸಿ ಬಿಸಾಡಿದ.

ಅವಳು ಕಾದಳು. ಸರಿ ಹಾಗಾದರೆ ಎಂದು ಅವಳು ಡಬ್ಬಿಯ ಮುಚ್ಚಳ ತಿರುಗಿಸಿದಳು. ಬಟ್ಟೆಗೆ ದಪ್ಪಗೆ ಕಾಂಪೌಂಡ್ ತೆಗೆದುಕೊಂಡು ಮೇಲಿನ ಕನ್ನಡಿಯತ್ತ ಕೈ ಚಾಚಿದಳು.

"ಮುಟ್ಟಬೇಡ."

ಗ್ಯಾರೇಜಿನ ಆ ಮೂಲೆಯಲ್ಲಿ ಕಾರಿನಡಿ ಮಲಗಿದ್ದ ಮೆಕ್ಯಾನಿಕ್ ತಲೆ ಹೊರಗೆ ಹಾಕಿ ನೋಡಿದ. ಅಷ್ಟು ಜೋರಾಗಿತ್ತು. ಲೈಟಣ್ಣನಿಗೇ ಅದು ತನ್ನ ದನಿ ಎಂದು ಗೊತ್ತಾಗಲು ಒಂದು ಗಳಿಗೆ ಬೇಕಾಯಿತು.

"ಅದನ್ನ ಉಜ್ಜು ಅಂತ ನಿನಗೆ ಯಾರು ಹೇಳಿದ್ರು? ಒಂದು ಮಾತು ಕೇಳಬಾರದಾ? ಅದರ ಮೇಲೆ ಜೋರಾಗಿ ಉಸಿರು ಬಿಡೋಕೂ ನಾನು ಹೆದರ್ತೀನಿ. ನಾಲ್ಕೂ ಒಟ್ಟಿಗೆ ಏಳೋವಾಗ ಆ ಒಂದು ಗಳಿಗೆ..."

ಅವಳು ಬಟ್ಟೆಯನ್ನು ಕೆಳಗಿಟ್ಟಳು. ಕಣ್ಣು ತುಂಬಿತ್ತು, ಮುಖ ಮಾತ್ರ ಗೆದ್ದವಳದ್ದು. ಕಾಲಿನಿಂದ ಒಂದು ಸ್ಟೂಲನ್ನು ಅವನ ಕಡೆ ತಳ್ಳಿ, ಇನ್ನೊಂದನ್ನು ಎಳೆದುಕೊಂಡು ಎದುರಿಗೆ ಕೂತಳು.

"ಹೂಂ. ಆ ಒಂದು ಗಳಿಗೆ?"

೮, ೯, ಅಥವಾ ಏನೂ ಅಲ್ಲ

ಬೆಂಚಿನ ಮೇಲೆ ಅವನ ಫೋನ್ ಹೊಡೆದುಕೊಳ್ಳುತ್ತಿದೆ. ಮಾಲೀಕ. ಸಂಜೆಯಾಯಿತಲ್ಲ. ಆಗುತ್ತದೋ ಇಲ್ಲವೋ ಹೇಳಬೇಕು. ಇಬ್ಬರೂ ಎತ್ತುತ್ತಿಲ್ಲ.

ನಿಮಗೆ ಒಂದು ಮುಕ್ತಾಯ ಬೇಕು, ಗೊತ್ತು. ನನ್ನ ಬಳಿ ಮೂರು ತಯಾರಿವೆ. ಲೈಟು ಉಳಿಯುವುದು, ಲೈಟು ಹೋಗುವುದು, ಅಕೌಂಟೆಂಟ್ ದೊಡ್ಡ ಡಾನ್ಸರ್ ಆಗುವುದು. ಮೂರನೆಯದು ನನಗೆ ಅಚ್ಚುಮೆಚ್ಚು. ಯಾವುದಾದರೊಂದನ್ನು ಹಾಕಿ ಮುಗಿಸೋಣವೆಂದು ಫೋನಿಗೆ ಕೈ ಹಾಕಿದೆ. ಕಥೆ ಬರೆಯುವವನಿಗೆ ಅಷ್ಟು ಅಧಿಕಾರ ಇಲ್ಲವೇ.

ಲೈಟಣ್ಣ ಮಾತು ನಿಲ್ಲಿಸಿ ನನ್ನ ಕಡೆ ನೋಡಿದ. "ಕಥೆಗಾರ್ರೇ, ಸ್ವಲ್ಪ ಆಚೆ ಹೋಗಿ. ನಾನು ಮನೆಯವಳ ಹತ್ರ ಮಾತಾಡ್ತಿದ್ದೀನಿ."

ನಾನು ಆಚೆ ಬಂದು ಗ್ಯಾರೇಜಿನ ಗೇಟಿನ ಬಳಿ ನಿಂತಿದ್ದೇನೆ. ಇಲ್ಲಿಗೆ ಮಾತು ಸ್ಪಷ್ಟವಾಗಿ ಕೇಳುವುದಿಲ್ಲ. ದನಿ ಕೇಳುತ್ತದೆ. ಅವನು ಇನ್ನೂ ಬೈಯುತ್ತಿದ್ದಾನೆ. ಅವಳು ಹೂಂ ಅನ್ನುತ್ತಿದ್ದಾಳೆ.